‘ಏನಿಲ್ಲ ಬಿಡಿ’ ಅಂದರೆ ಬಿಡಬೇಡಿ

ಓದುಗರೊಬ್ಬರ ಪತ್ರ: “ನನಗೆ 64 ವರ್ಷ. ಈಚೆಗೆ ಕಿವಿ ಮಂದವಾಗಿದೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮತ್ತೆ ಕೇಳಿದರೆ ಮಗ ಕಿರುಚುತ್ತಾನೆ. ಇಲ್ಲಾಂದರೆ ‘ಏನಿಲ್ಲ ಬಿಡಮ್ಮ’ ಅನ್ನುತ್ತಾನೆ. ಎಲ್ಲರೂ ನಕ್ಕಾಗ ನಾನೂ ಸುಮ್ನೆ ನಗುತ್ತೇನೆ. ಈಗೀಗ ನಾಲ್ಕು ಜನ ಸೇರಿದರೆ ಎದ್ದು ಕೋಣೆಗೆ ಹೋಗಿಬಿಡುತ್ತೇನೆ. ಕಿವಿಗೆ ಮಷಿನ್ ಹಾಕಿಕೊಂಡರೆ ಎಲ್ಲ ಸರಿಹೋಗುತ್ತಾ? ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಅಮ್ಮಾ, ಮಷಿನ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು, ದಯವಿಟ್ಟು ಕೋಣೆಗೆ ಹೋಗಬೇಡಿ. ಮಾತುಕತೆಯಿಂದ ಎದ್ದು ಹೋಗುವುದು ಒಮ್ಮೆ ರೂಢಿಯಾದರೆ ಬಿಡುವುದು ಕಷ್ಟ. ನೀವು ಒಳಗೆ ಇರುವುದು ಮನೆಯವರಿಗೂ ರೂಢಿಯಾಗಿಬಿಡುತ್ತದೆ.

‘ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಅಂದಿರಲ್ಲ, ವಯಸ್ಸಿನಿಂದ ಕಿವಿ ಮಂದವಾದವರು ಬಹಳ ಜನ ಇದೇ ಮಾತು ಹೇಳುತ್ತಾರೆ. ಇದು ಗಮನ ಕೊಡದೆ ಆಗುವುದಲ್ಲ. ಬುದ್ಧಿ ಮಂಕಾಗಿದೆ ಅಂತಲೂ ಅಲ್ಲ. ಒಳಗಿವಿಯಲ್ಲಿ ದನಿಯನ್ನು ಹಿಡಿಯುವ ಸೂಕ್ಷ್ಮ ಕೋಶಗಳು ಸುಮಾರು 15,000 ಇರುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಹಾಳಾಗುವುದು ಕೀಚಲು ದನಿಗಳನ್ನು ಹಿಡಿಯುವ ಕೋಶಗಳು. ನಮ್ಮ ಮಾತಿನಲ್ಲಿ ಆ, ಊ, ಓ ಎಲ್ಲ ದಪ್ಪ ದನಿಯವು, ಜೋರಾಗಿಯೂ ಇರುತ್ತವೆ. ಸ, ಕ, ತ, ಪ ಮೆಲ್ಲಗಿನವು, ಅವುಗಳ ಗುರುತು ಇರುವುದೇ ಕೀಚಲು ದನಿಯಲ್ಲಿ. ಹಾಗಾಗಿ ನಿಮಗೆ ‘ಆಲು’ ಅಂತ ಕೇಳಿಸುತ್ತದೆ. ಅದು ಕಾಲೋ, ಹಾಲೋ, ಸಾಲೋ, ಪಾಲೋ? ಉಳಿದದ್ದನ್ನು ಮಿದುಳು ಊಹಿಸಿಕೊಳ್ಳಬೇಕು. ಊಹಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ದಿನವಿಡೀ ಹೀಗೇ ಆದರೆ ಸಂಜೆಗೆ ತಲೆ ಭಾರ, ಸುಸ್ತು. ಬೇಕಾದಾಗ ಹತ್ತು ನಿಮಿಷ ಸುಮ್ಮನೆ ಕೂತು ಬನ್ನಿ. ಆದರೆ ವಾಪಸ್ ಬನ್ನಿ.

ಮಗ ಕಿರುಚಿದರೂ ಯಾಕೆ ತಿಳಿಯುವುದಿಲ್ಲ ಅನ್ನುವುದಕ್ಕೂ ಇದೇ ಕಾರಣ. ಕಿರುಚಿದರೆ ಆ, ಊ ಇನ್ನಷ್ಟು ಜೋರಾಗುತ್ತವೆ. ಸ, ಕ, ತ ಹೆಚ್ಚುಕಮ್ಮಿ ಅಲ್ಲೇ ಉಳಿಯುತ್ತವೆ. ಜತೆಗೆ ಒಳಗಿವಿ ಸೋತವರಿಗೆ ಮೆಲ್ಲಗಿನ ದನಿ ಕೇಳದೇ ಇದ್ದರೂ ಜೋರು ದನಿ ಚುಚ್ಚುತ್ತದೆ. ಹತ್ತಿರ ಬಂದು, ಎದುರು ಕೂತು, ಮಾಮೂಲಿ ದನಿಯಲ್ಲಿ ಸ್ವಲ್ಪ ನಿಧಾನವಾಗಿ, ಬಿಡಿಸಿ ಹೇಳಿದರೆ ಎಷ್ಟೋ ವಾಸಿ. ಬಯಲಲ್ಲಿ ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ (ದನಿಯ ಜೋರು ಅಳೆಯುವ ಮಾನ) ಇಳಿಯುತ್ತದೆ. ಅಡುಗೆಮನೆಯಿಂದ ಕೂಗಿದ ಮಾತು ನಿಮ್ಮನ್ನು ಮುಟ್ಟುವುದಿಲ್ಲ ಅಂತ ಮನೆಯವರಿಗೆ ಖಡಾಖಂಡಿತವಾಗಿ ಹೇಳಿಬಿಡಿ. ಮಾತಿಗೆ ಮುಂಚೆ ‘ಅಮ್ಮಾ’ ಅಂತ ಕರೆದು, ನೀವು ತಿರುಗಿದ ಮೇಲೆ ಶುರು ಮಾಡಲಿ.

ಎದುರು ಕೂರಿ ಅನ್ನುವುದು ಬರೀ ಮರ್ಯಾದೆಗಲ್ಲ. ಕಿವಿಗೆ ‘ಮೂರು’ ಮತ್ತು ‘ನೂರು’ ಹೆಚ್ಚುಕಮ್ಮಿ ಒಂದೇ ಥರ. ಆದರೆ ತುಟಿ ನೋಡಿ. ‘ಮೂರು’ ಅನ್ನುವಾಗ ತುಟಿ ಮುಚ್ಚಿ ತೆರೆಯುತ್ತದೆ, ‘ನೂರು’ ಅನ್ನುವಾಗ ಮುಚ್ಚುವುದಿಲ್ಲ. ‘ಬರ’ ಮತ್ತು ‘ಮರ’ ಉಲ್ಟಾ. ತುಟಿಗೆ ಎರಡೂ ಒಂದೇ, ವ್ಯತ್ಯಾಸ ಹೇಳುವುದು ಕಿವಿ. ಕಣ್ಣು, ಕಿವಿ ಎರಡೂ ಸೇರಿದರೆ ಅರ್ಧ ಕೇಳಿದ ಮಾತೂ ಪೂರ್ತಿಯಾಗುತ್ತದೆ. ಅದಕ್ಕೇ ಬೆಳಕು ಅವರ ಮುಖದ ಮೇಲೆ ಬೀಳಬೇಕು. ಕಿಟಕಿ ನಿಮ್ಮ ಬೆನ್ನಿಗಿರಲಿ. ಬಾಯಿಗೆ ಕೈ ಅಡ್ಡ ಇಡುವುದು ಬೇಡ, ಅಗಿಯುತ್ತಾ ಮಾತಾಡುವುದೂ ಬೇಡ. ಟೀವಿ ಆರಿಸಿಬಿಡಿ. ತಗ್ಗಿಸಿದರೆ ಸಾಲದು.

ಈಗ ನೀವು ಮಾಡುವ ಕೆಲಸ. ಹೂಂಗುಟ್ಟುವುದನ್ನು ನಿಲ್ಲಿಸಿ. ನಾನು ಅತಿ ಮುಖ್ಯ ಅಂದುಕೊಂಡಿರುವುದು ಇದನ್ನೇ. ತಿಳಿಯದೆ ನಕ್ಕಾಗ ಎದುರಿನವರು ‘ಗೊತ್ತಾಯಿತು’ ಅಂತಲೇ ಅಂದುಕೊಳ್ಳುತ್ತಾರೆ. ನಾಳೆ ಆ ವಿಷಯ ಬಂದಾಗ ‘ಹೇಳಿದ್ದೆನಲ್ಲ’ ಅನ್ನುತ್ತಾರೆ. ಜಗಳ ಹುಟ್ಟುವುದು ಅಲ್ಲೇ.

ಹಾಗಂತ ‘ಆಂ?’ ಅಂದರೂ ಪ್ರಯೋಜನ ಕಡಿಮೆ. ನಿಮಗೆ ಎಷ್ಟು ಬಿಟ್ಟುಹೋಯಿತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದೇ ಮಾತು ಜೋರಾಗಿ ವಾಪಸ್ ಬರುತ್ತದೆ, ಅಷ್ಟೆ. ಕೇಳಿಸಿದ್ದನ್ನು ಹೇಳಿ, ಬಿಟ್ಟುಹೋದದ್ದನ್ನು ಮಾತ್ರ ಕೇಳಿ. ‘ಶುಕ್ರವಾರ ಡಾಕ್ಟರ ಹತ್ತಿರ ಹೋಗಬೇಕು ಅಂದೆಯಲ್ಲ, ಎಷ್ಟು ಗಂಟೆಗೆ?’ ಆಗ ಅವರು ಒಂದೇ ಪದ ಹೇಳಿದರೆ ಸಾಕು, ಬೇಜಾರೂ ಆಗುವುದಿಲ್ಲ. ಎರಡನೇ ಸಲವೂ ತಿಳಿಯದಿದ್ದರೆ ‘ಬೇರೆ ಥರ ಹೇಳು’ ಅನ್ನಿ. ಪದ ಬದಲಾದರೆ ದನಿಯೂ ಬದಲಾಗುತ್ತದೆ, ಒಂದಲ್ಲ ಒಂದು ಸಿಕ್ಕುತ್ತದೆ. ಹೆಸರು, ತಾರೀಖು, ಫೋನ್ ನಂಬರ್ ಇದ್ದರೆ ಬರೆಸಿಕೊಳ್ಳಿ. ಮಾತನ್ನು ಕೇಳಿ ಅಕ್ಷರವಾಗಿ ತೋರಿಸುವ ಆ್ಯಪ್‌ಗಳು ಈಗ ಫೋನಿನಲ್ಲೇ ಬರುತ್ತವೆ. ತಪ್ಪು ಮಾಡುತ್ತವೆ, ಆದರೂ ಉಪಯೋಗಕ್ಕೆ ಬರುತ್ತವೆ.

ಹೇಳಿಕೊಳ್ಳಲು ನಾಚಿಕೆ ಅಂತೀರಾ? ಸಂಗೀತಗಾರ ಬೀಥೋವನ್‌ಗೂ ಹಾಗೇ ಆಗಿತ್ತು. 1802ರಲ್ಲಿ, 31ನೇ ವಯಸ್ಸಿನಲ್ಲಿ, ತಮ್ಮಂದಿರಿಗೆ ಒಂದು ಪತ್ರ ಬರೆದು ಕಳಿಸದೇ ಇಟ್ಟುಕೊಂಡರು. ನನಗೆ ಕೇಳಿಸುವುದಿಲ್ಲ, ಜೋರಾಗಿ ಮಾತಾಡಿ ಅಂತ ಜನರಿಗೆ ಹೇಳಲು ನನ್ನಿಂದ ಆಗುತ್ತಿಲ್ಲ, ಅದಕ್ಕೇ ದೂರ ಇದ್ದೇನೆ ಅನ್ನುವುದು ಅದರಲ್ಲಿದ್ದ ಸಂಕಟ. 1818ರ ಹೊತ್ತಿಗೆ ಅವರು ನೋಟ್‌ಬುಕ್ ಇಟ್ಟುಕೊಂಡರು. ಬಂದವರು ಅದರಲ್ಲಿ ಬರೆಯುತ್ತಿದ್ದರು, ಅವರು ಬಾಯಲ್ಲೇ ಉತ್ತರ ಕೊಡುತ್ತಿದ್ದರು. ನೀವಂತೂ ಒಂಟಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ನೆರವು ಬೇಕಾಗುವಷ್ಟು ಕಿವಿ ತೊಂದರೆಯಿದೆ.

ಗುಂಪು ಮಾತ್ರ ನಿಜಕ್ಕೂ ಕಷ್ಟ. ಹತ್ತು ಜನರ ನಡುವೆ ಎಲ್ಲವನ್ನೂ ಹಿಡಿಯುವ ಹಟ ಬೇಡ. ಗೋಡೆಗೆ ಬೆನ್ನು ಕೊಟ್ಟು ಕೂರಿ, ಚೆನ್ನಾಗಿ ಕೇಳುವ ಕಿವಿ ಜನರ ಕಡೆಗಿರಲಿ. ಪಕ್ಕದಲ್ಲಿ ಕೂತವರನ್ನು ‘ಈಗ ಯಾವ ವಿಷಯ ನಡೀತಿದೆ?’ ಅಂತ ಕೇಳಿ. ವಿಷಯ ಗೊತ್ತಾದರೆ ಅರ್ಧ ಮಾತು ತಾನೇ ತಿಳಿಯುತ್ತದೆ.

ಇನ್ನು ಮಷಿನ್. ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಬರೀ ಗುಗ್ಗೆ ಕಟ್ಟಿಕೊಂಡೂ ಕಿವಿ ಮಂದವಾಗುವುದುಂಟು. ಆಮೇಲೆ ಆಡಿಯಾಲಜಿಸ್ಟ್, ಅಂದರೆ ಕೇಳುವ ಶಕ್ತಿ ಅಳೆಯುವ ತಜ್ಞರು, ಪರೀಕ್ಷೆ ಮಾಡಿ, ಯಾವ ದನಿ ಎಷ್ಟು ಕಡಿಮೆಯಿದೆ ನೋಡಿ, ಅದಕ್ಕೆ ತಕ್ಕಂತೆ ಹಿಯರಿಂಗ್ ಏಡ್ ಹೊಂದಿಸುತ್ತಾರೆ. ಹಾಕಿಕೊಳ್ಳಿ, ಖಂಡಿತ ಹಾಕಿಕೊಳ್ಳಿ. ಆದರೆ ಎಲ್ಲ ಸರಿಹೋಗುವುದಿಲ್ಲ. ಅದು ದನಿಯನ್ನು ಎತ್ತಿಕೊಡುತ್ತದೆ, ಹಳೆಯ ಕಿವಿಯನ್ನು ವಾಪಸ್ ಕೊಡುವುದಿಲ್ಲ. ಮೊದಮೊದಲು ಪಾತ್ರೆ ಸದ್ದು, ಕಾಗದದ ಸದ್ದು, ನಿಮ್ಮದೇ ದನಿ ಎಲ್ಲ ವಿಚಿತ್ರ ಅನಿಸುತ್ತದೆ. ಮಿದುಳು ಒಗ್ಗಿಕೊಳ್ಳಲು ಕೆಲವು ವಾರ ಬೇಕು. ಎರಡು ದಿನಕ್ಕೆ ಡ್ರಾಯರ್‌ಗೆ ಹಾಕಬೇಡಿ. ಸರಿ ಅನಿಸದಿದ್ದರೆ ಮತ್ತೆ ಹೋಗಿ ಹೊಂದಿಸಿಕೊಳ್ಳಿ. ಒಂದು ಎಚ್ಚರಿಕೆ: ಇದ್ದಕ್ಕಿದ್ದಂತೆ ಒಂದು ಕಿವಿ ಪೂರ್ತಿ ಮಂಕಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಬೇಗ ಚಿಕಿತ್ಸೆ ಸಿಗಬೇಕು.

ನಿಮ್ಮ ಮಗನಿಗೆ ಒಂದೇ ಮಾತು. ‘ಏನಿಲ್ಲ ಬಿಡಮ್ಮ’ ಅನ್ನಬೇಡಪ್ಪ. ನಿನಗೆ ಅದು ಸಣ್ಣ ವಿಷಯ ಇರಬಹುದು. ಅಮ್ಮನಿಗೆ ‘ನಿನಗೆ ಹೇಳುವಂಥದ್ದಲ್ಲ’ ಅಂದ ಹಾಗೆ ಕೇಳಿಸುತ್ತದೆ. ನಿಜಕ್ಕೂ ಪುರುಸೊತ್ತಿಲ್ಲದಿದ್ದರೆ ‘ಆಮೇಲೆ ಹೇಳ್ತೀನಿ’ ಅನ್ನು, ಮತ್ತು ಹೇಳು.

ಅಮ್ಮಾ, ಈ ಸಲ ಅವನು ‘ಬಿಡು’ ಅಂದರೆ ಅಲ್ಲೇ ಕೂತು ಕೇಳಿ: ‘ಸಣ್ಣದಾದರೂ ಪರವಾಗಿಲ್ಲ ಕಣೋ, ಹೇಳು.’