‘ನಿಜವಾದ ಕನ್ಸರ್ವೇಟಿವ್’ ಯಾರು? ಪ್ರೈಮರಿ ಹೊತ್ತಿನಲ್ಲಿ ಬಂದ ನಾಲ್ಕು ಪ್ರಶ್ನೆ

ಪ್ರಶ್ನೆ: ನಾನು ಶಿವಮೊಗ್ಗದವನು. ಹದಿನಾರು ವರ್ಷದಿಂದ ಪಿಟ್ಸ್‌ಬರ್ಗ್ ಹತ್ತಿರ ಇದ್ದೇನೆ, ಕಳೆದ ವರ್ಷ ಅಮೆರಿಕದ ಪೌರತ್ವ ಸಿಕ್ಕಿತು. ಸರ್ಕಾರ ದುಂದು ಮಾಡಬಾರದು, ಮನೆಯೊಳಗೆ ಕೈ ಹಾಕಬಾರದು, ಕುಟುಂಬ, ದೇವರು, ನೆರೆಹೊರೆ ಉಳಿಯಬೇಕು ಅನ್ನುವವನು. ಹಾಗಾಗಿ ರಿಪಬ್ಲಿಕನ್ ಎಂದು ನೋಂದಾಯಿಸಿಕೊಂಡೆ. ಇದು ನನ್ನ ಮೊದಲ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ. ನಿಂತವರೆಲ್ಲ ‘ನಾನೇ ನಿಜವಾದ ಕನ್ಸರ್ವೇಟಿವ್’ ಅನ್ನುತ್ತಿದ್ದಾರೆ. ಆಫೀಸಿನಲ್ಲಿ ಒಬ್ಬ ಸ್ನೇಹಿತ ‘ತತ್ವ ನೋಡಿ ಓಟು ಹಾಕು’ ಅಂತಾನೆ, ಇನ್ನೊಬ್ಬ ‘ನವೆಂಬರಿನ ಮುಖ್ಯ ಚುನಾವಣೆಯಲ್ಲಿ ಗೆಲ್ಲುವವನಿಗೆ ಹಾಕು’ ಅಂತಾನೆ. ಯಾರ ಮಾತು ಕೇಳಲಿ ಸರ್?

ಉತ್ತರ: ನಿಮ್ಮ ಇಬ್ಬರು ಸ್ನೇಹಿತರ ಈ ವಾದ ನಿಮ್ಮದೇ ಪೆನ್ಸಿಲ್ವೇನಿಯಾದಲ್ಲಿ 2004ರಲ್ಲಿ ನಡೆದುಹೋಗಿದೆ. ಅದರ ಫಲವನ್ನು ಇಡೀ ಅಮೆರಿಕ ಇವತ್ತಿಗೂ ಉಣ್ಣುತ್ತಿದೆ. ಆ ಕಥೆ ತಿಳಿಯದೆ ನೀವು ಮತಗಟ್ಟೆಗೆ ಹೋಗಬಾರದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆರ್ಲೆನ್ ಸ್ಪೆಕ್ಟರ್ 1980ರಲ್ಲಿ ಆಯ್ಕೆಯಾದ ರಿಪಬ್ಲಿಕನ್ ಸೆನೆಟರ್. ಗರ್ಭಪಾತದ ಹಕ್ಕಿನ ಪರ. 1987ರಲ್ಲಿ ರೇಗನ್ ಅವರು ಸುಪ್ರೀಂ ಕೋರ್ಟಿಗೆ ಹೆಸರಿಸಿದ ರಾಬರ್ಟ್ ಬೋರ್ಕ್ ಅವರನ್ನು ಸೋಲಿಸಿದವರಲ್ಲಿ ಇವರೂ ಒಬ್ಬರು. ಕನ್ಸರ್ವೇಟಿವ್ ಜನ ಅದನ್ನು ಮರೆತಿರಲಿಲ್ಲ. 2004ರ ಏಪ್ರಿಲ್ ಪ್ರೈಮರಿಯಲ್ಲಿ ಸ್ಪೆಕ್ಟರ್ ಎದುರು ಪ್ಯಾಟ್ ಟೂಮಿ ನಿಂತರು. ತೆರಿಗೆ, ಖರ್ಚು, ಗರ್ಭಪಾತ, ಯಾವುದರಲ್ಲೂ ತತ್ವ ಬಿಡದ ಮನುಷ್ಯ. ಕೆಳಮನೆಯಲ್ಲಿ ಮೂರೇ ಅವಧಿ ಇರುತ್ತೇನೆ ಎಂದು ಮಾತು ಕೊಟ್ಟು ಅದರಂತೆ ನಡೆದವರು. ಆದರೆ ಅಧ್ಯಕ್ಷ ಬುಷ್ ಮತ್ತು ಅದೇ ರಾಜ್ಯದ ಇನ್ನೊಬ್ಬ ಸೆನೆಟರ್, ಕಟ್ಟಾ ಕನ್ಸರ್ವೇಟಿವ್ ಆದ ರಿಕ್ ಸ್ಯಾಂಟೋರಮ್, ಇಬ್ಬರೂ ಸ್ಪೆಕ್ಟರ್ ಬೆನ್ನಿಗೆ ನಿಂತರು. ಕಾರಣ, ನಿಮ್ಮ ಎರಡನೇ ಸ್ನೇಹಿತ ಹೇಳಿದ್ದೇ: ನವೆಂಬರಿನಲ್ಲಿ ಸೀಟು ಉಳಿಯಬೇಕು. ಶೇಕಡಾ ಎರಡಕ್ಕಿಂತ ಕಡಿಮೆ ಅಂತರದಲ್ಲಿ ಟೂಮಿ ಸೋತರು.

ಮುಂದೇನಾಯಿತು? ಸ್ಪೆಕ್ಟರ್ ಸೆನೆಟ್ಟಿನ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾದರು. 2005ರಲ್ಲಿ ಜಾನ್ ರಾಬರ್ಟ್ಸ್, 2006ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಅಲಿಟೊ ಸುಪ್ರೀಂ ಕೋರ್ಟು ಸೇರಿದ್ದು ಅವರ ಸಮಿತಿ ದಾಟಿಯೇ. ಗರ್ಭಪಾತದ ಹಕ್ಕನ್ನು ತೆಗೆದುಹಾಕಿದ 2022ರ ಡಾಬ್ಸ್ ತೀರ್ಪನ್ನು ಬರೆದವರು ಇದೇ ಅಲಿಟೊ. ಇದು ಜಮೆ. ಖರ್ಚಿನ ಕಡೆ ನೋಡಿ: 2009ರ ಏಪ್ರಿಲಿನಲ್ಲಿ ಸ್ಪೆಕ್ಟರ್ ಡೆಮಾಕ್ರಟಿಕ್ ಪಕ್ಷಕ್ಕೆ ಹಾರಿದರು. ಅದೇ ವರ್ಷ ಡಿಸೆಂಬರ್ 24ರಂದು ಒಬಾಮಾ ಅವರ ಆರೋಗ್ಯ ಮಸೂದೆ ಸೆನೆಟ್ಟಿನಲ್ಲಿ 60 ಮತಗಳಿಂದ ಪಾಸಾಯಿತು. ವಿರೋಧಿಗಳ ತಡೆ ದಾಟಿ ಮಸೂದೆ ಮತಕ್ಕೆ ಬರಲು ಬೇಕಿದ್ದದ್ದೂ ಅರವತ್ತೇ, ಅದರಲ್ಲಿ ಒಂದು ಸ್ಪೆಕ್ಟರ್ ಅವರದು. ಸ್ಯಾಂಟೋರಮ್ ಈ ನಡುವೆ 2006ರಲ್ಲಿ ಹದಿನೇಳಕ್ಕೂ ಹೆಚ್ಚು ಶೇಕಡಾ ಅಂತರದಲ್ಲಿ ಸೋತಿದ್ದರು. ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ 2012ರಲ್ಲೂ ಟಿವಿ ಚರ್ಚೆಯೊಂದರಲ್ಲಿ ಎದುರಾಳಿ ಮಿಟ್ ರಾಮ್ನಿ, ಸ್ಪೆಕ್ಟರ್‌ಗೆ ಕೊಟ್ಟ ಬೆಂಬಲವನ್ನೇ ಎತ್ತಿ ಅವರನ್ನು ಕುಟುಕಿದರು. ಟೂಮಿ? 2010ರಲ್ಲಿ ಅದೇ ಸೀಟಿಗೆ ನಿಂತು ಗೆದ್ದರು, ‘ಗೆಲ್ಲಲಾರ’ ಅನ್ನಿಸಿಕೊಂಡಿದ್ದ ಮನುಷ್ಯ!

2004ರಲ್ಲಿ ಇದ್ಯಾವುದನ್ನೂ ಯಾರೂ ಕಂಡಿರಲಿಲ್ಲ. ಗೆಲುವಿನ ಲೆಕ್ಕ ಹಾಕಿದವರಿಗೂ ಕಂಡಿರಲಿಲ್ಲ, ತತ್ವ ಹಿಡಿದವರಿಗೂ ಕಂಡಿರಲಿಲ್ಲ. ಕಾಣುತ್ತಿದ್ದದ್ದು ಒಂದೇ, ಇಬ್ಬರ ನಡವಳಿಕೆ. ಸ್ಪೆಕ್ಟರ್ ಮೋಸ ಮಾಡಿದರು ಅಂತ ನಾನು ಹೇಳಲಾರೆ. ಇಪ್ಪತ್ತನಾಲ್ಕು ವರ್ಷ ತಾವು ಎಂಥವರು ಎಂದು ಎಲ್ಲರ ಎದುರೇ ತೋರಿಸಿಕೊಂಡಿದ್ದರು. ನೋಡದೆ ಹೋದವರು ಮತದಾರರು.

ಹಾಗಾದರೆ ಏನು ನೋಡಬೇಕು? ನಾನೂ ಸ್ವಭಾವದಿಂದ ಕನ್ಸರ್ವೇಟಿವ್, ಮುಚ್ಚಿಡುವುದಿಲ್ಲ. ನಾನು ನೋಡುವುದು ಇಷ್ಟು: ಈ ಅಭ್ಯರ್ಥಿ ತನ್ನವರಿಗೇ ಎಂದಾದರೂ ‘ಆಗುವುದಿಲ್ಲ’ ಅಂದಿದ್ದಾನೆಯೇ? ಅಂದು ನಷ್ಟ ತಿಂದಿದ್ದಾನೆಯೇ? ವಿರೋಧಿಗಳಿಗೆ ಬೇಡ ಅನ್ನುವುದು ಸುಲಭ, ಚಪ್ಪಾಳೆ ಬೀಳುತ್ತದೆ. ಓಟು ಕೊಟ್ಟವರ ಮುಖ ನೋಡಿ ಬೇಡ ಅನ್ನುವುದು ಕಷ್ಟ. ಈ ಪಂಥಕ್ಕೆ ಮೂಲಪುರುಷ ಅನ್ನಿಸಿಕೊಂಡ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ಮತದಾರರಿಗೆ ಗೆದ್ದ ದಿನವೇ ಹೇಳಿದರು: ಪ್ರತಿನಿಧಿ ನಿಮಗೆ ದುಡಿಮೆಯ ಜೊತೆ ತನ್ನ ವಿವೇಚನೆಯನ್ನೂ ಕೊಡಬೇಕು, ನಿಮ್ಮ ಅಭಿಪ್ರಾಯಕ್ಕಾಗಿ ಅದನ್ನು ಬಲಿಕೊಟ್ಟರೆ ದ್ರೋಹ. ಆಮೇಲೆ ಐರ್ಲೆಂಡಿನ ವ್ಯಾಪಾರಕ್ಕೆ, ಕ್ಯಾಥೊಲಿಕರ ಬಿಡುಗಡೆಗೆ ಬೆಂಬಲ ಕೊಟ್ಟು ಬ್ರಿಸ್ಟಲ್ಲಿನ ವರ್ತಕರ ಸಿಟ್ಟಿಗೆ ಗುರಿಯಾದರು. 1780ರಲ್ಲಿ ಆ ಕ್ಷೇತ್ರವೇ ಕೈಬಿಟ್ಟಿತು. ಟೂಮಿಯವರನ್ನು ಇದೇ ಕಣ್ಣಿನಿಂದ ನೋಡಿ. 2013ರಲ್ಲಿ, ಕನೆಕ್ಟಿಕಟ್ ಶಾಲೆಯ ಮಕ್ಕಳ ಹತ್ಯೆಯ ನಂತರ, ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲನೆ ಬಿಗಿಗೊಳಿಸುವ ಮಸೂದೆಯನ್ನು ಡೆಮಾಕ್ರಟ್ ಸೆನೆಟರ್ ಜೊತೆ ಸೇರಿ ತಂದರು. ಸ್ವಂತ ಪಕ್ಷ ಒಪ್ಪಲಿಲ್ಲ, ಮಸೂದೆ ಬಿತ್ತು. 2021ರ ಫೆಬ್ರವರಿಯಲ್ಲಿ ಮಹಾಭಿಯೋಗದ ವಿಚಾರಣೆಯಲ್ಲಿ ಟ್ರಂಪ್ ತಪ್ಪಿತಸ್ಥರು ಎಂದು ಮತ ಹಾಕಿದ ಏಳು ರಿಪಬ್ಲಿಕನ್ ಸೆನೆಟರುಗಳಲ್ಲಿ ಇವರೊಬ್ಬರು. ಆ ಎರಡೂ ಮತ ನಿಮಗೆ ಹಿಡಿಸಬೇಕೆಂದಿಲ್ಲ. ಆದರೆ ಆ ಮನುಷ್ಯನಿಗೆ ಬೆನ್ನುಮೂಳೆ ಇತ್ತು ಅನ್ನುವುದು ಗೊತ್ತಾಗುತ್ತದೆ.

ಬೇಡ ಅಂದವರೆಲ್ಲ ಸರಿ ಅಂತಲೂ ಅಲ್ಲ. ರಿಪಬ್ಲಿಕನ್ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಅಧಿಕಾರದ ಮಿತಿಯ ಹೆಸರಿನಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ವಿರುದ್ಧ ಮತ ಹಾಕಿದರು. ಧೈರ್ಯದ ಮತ, ಆದರೆ ತಪ್ಪು ಮತ. ಕರಿಯ ಜನರಿಗೆ ನ್ಯಾಯ ನಿರಾಕರಿಸುವ ರಾಜ್ಯ ಸರ್ಕಾರಗಳ ಅಧಿಕಾರಕ್ಕೂ ಮಿತಿ ಬೇಕಿತ್ತು ಎಂಬುದನ್ನು ಅವರು ತೂಗಿ ನೋಡಲಿಲ್ಲ. ಆ ಕಳಂಕ ಈ ಪಂಥಕ್ಕೆ ಇನ್ನೂ ಅಂಟಿಕೊಂಡಿದೆ.

ಇನ್ನು ಗೆಲುವಿನ ಮಾತು. ಪತ್ರಿಕಾ ಸಂಪಾದಕ ವಿಲಿಯಂ ಬಕ್ಲಿ 1960ರ ದಶಕದಲ್ಲಿ ಒಂದು ಸೂತ್ರ ಹೇಳಿದ್ದರು: ಗೆಲ್ಲಬಲ್ಲವರ ಪೈಕಿ ಹೆಚ್ಚು ಬಲಕ್ಕಿರುವವನನ್ನು ಆರಿಸು. ಜನ ‘ಬಲಕ್ಕೆ’ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡರು. 2022ರಲ್ಲಿ ನಿಮ್ಮ ರಾಜ್ಯದ ರಿಪಬ್ಲಿಕನ್ನರು ಗವರ್ನರ್ ಹುದ್ದೆಗೆ ಡಗ್ ಮಾಸ್ಟ್ರಿಯಾನೊ ಅವರನ್ನು ನಿಲ್ಲಿಸಿ ಸುಮಾರು 15 ಶೇಕಡಾ ಅಂತರದಲ್ಲಿ ಸೋತರು. ಅದೇ ವರ್ಷ ಸೆನೆಟ್ ಪ್ರೈಮರಿಯಲ್ಲಿ ಟಿವಿ ಖ್ಯಾತಿಯ ಮೆಹ್ಮೆತ್ ಓಜ್ ಸಾವಿರಕ್ಕಿಂತ ಕಡಿಮೆ ಮತಗಳಿಂದ ಗೆದ್ದರು, ನವೆಂಬರಿನಲ್ಲಿ ಸೋತರು. ಒಬ್ಬರದು ಅತಿ ಬಲ, ಇನ್ನೊಬ್ಬರದು ಅತಿ ಹೆಸರು. ರಾಜಕೀಯದಲ್ಲಿ ಮಾಡಿದ ಕೆಲಸ ನೋಡೋಣವೆಂದರೆ ಓಜ್ ಅವರಿಗೆ ಅಂಥದ್ದೇ ಇರಲಿಲ್ಲ.

ಆದ್ದರಿಂದ ಮೊದಲ ಸ್ನೇಹಿತನ ಮಾತಿನಿಂದ ಶುರು ಮಾಡಿ, ಎರಡನೆಯವನ ಮಾತನ್ನು ಕೊನೆಗೆ ಕೇಳಿ. ಪೆನ್ಸಿಲ್ವೇನಿಯಾದ ಪ್ರೈಮರಿಯಲ್ಲಿ ಆಯಾ ಪಕ್ಷಕ್ಕೆ ನೋಂದಾಯಿಸಿಕೊಂಡವರಷ್ಟೇ ಅಭ್ಯರ್ಥಿಯನ್ನು ಆರಿಸುತ್ತಾರೆ. ಅಂದರೆ ನಿಮ್ಮ ಮತಕ್ಕೆ ಅಲ್ಲಿ ಇರುವಷ್ಟು ತೂಕ ನವೆಂಬರಿನಲ್ಲಿ ಇರುವುದಿಲ್ಲ.

ಪ್ರಶ್ನೆ: ದೇವರು, ಮದುವೆ, ಮಾತಿನ ಮರ್ಯಾದೆ ಎನ್ನುವ ಧಾರ್ಮಿಕ ಕನ್ಸರ್ವೇಟಿವ್ ಜನ 2016ರಲ್ಲಿ ಟ್ರಂಪ್‌ಗೆ ಹೇಗೆ ಓಟು ಹಾಕಿದರು? ನನಗೆ ಇದು ಇನ್ನೂ ಅರ್ಥವಾಗಿಲ್ಲ. — ಮೈಸೂರಿನ ಓದುಗರೊಬ್ಬರು

ಉತ್ತರ: ಅಮ್ಮಾ, ಅವರಲ್ಲಿ ಬಹಳ ಜನ ಮನುಷ್ಯನಿಗಿಂತ ಕುರ್ಚಿಗೆ ಓಟು ಹಾಕಿದರು. 2016ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಸೆನೆಟ್ಟಿನ ರಿಪಬ್ಲಿಕನ್ನರು ಆ ಸ್ಥಾನವನ್ನು ಚುನಾವಣೆವರೆಗೂ ಖಾಲಿ ಇಟ್ಟರು. ಮೇ ತಿಂಗಳಲ್ಲಿ ಟ್ರಂಪ್ ಹನ್ನೊಂದು ನ್ಯಾಯಾಧೀಶರ ಪಟ್ಟಿ ಪ್ರಕಟಿಸಿ, ಇಂಥವರಿಂದಲೇ ತುಂಬುತ್ತೇನೆ ಎಂದರು. ಜುಲೈಯಲ್ಲಿ, ಚರ್ಚಿಗೆ ಹೋಗುವ ಜನ ನಂಬಿದ್ದ ಮೈಕ್ ಪೆನ್ಸ್ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿಯಾಗಿ ಜೊತೆಗೆ ಕರೆದುಕೊಂಡರು. ನವೆಂಬರಿನಲ್ಲಿ ಬಿಳಿಯ ಇವಾಂಜೆಲಿಕಲ್ (ಬೈಬಲ್ ನಿಷ್ಠ ಪ್ರೊಟೆಸ್ಟೆಂಟ್) ಮತದಾರರಲ್ಲಿ ಹತ್ತಕ್ಕೆ ಎಂಟು ಮಂದಿ ಟ್ರಂಪ್ ಕಡೆ ಹೋದರು. ಕೊಟ್ಟ ಮಾತು ಉಳಿಯಿತು, ಮೂವರು ನ್ಯಾಯಮೂರ್ತಿಗಳು ಬಂದರು, ಡಾಬ್ಸ್ ತೀರ್ಪು ಬಂತು.

ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಿದ್ದವರ ಕಣ್ಣೆದುರೇ ಮೊದಲ ನಾಲ್ಕು ವರ್ಷದಲ್ಲಿ ಅಮೆರಿಕದ ಸಾಲ ಸುಮಾರು 20 ಲಕ್ಷ ಕೋಟಿ ಡಾಲರಿನಿಂದ 27 ಲಕ್ಷ ಕೋಟಿ ದಾಟಿತು. ಕೋವಿಡ್ ಒಂದು ಕಾರಣ, ಪೂರ್ತಿ ಕಾರಣವಲ್ಲ. 2021ರ ಜನವರಿ 6ರಂದು, ರಾಜ್ಯಗಳು ಕಳಿಸಿದ ಮತಗಳನ್ನು ತಿರಸ್ಕರಿಸುವ ಅಧಿಕಾರ ತನಗಿಲ್ಲ ಎಂದು ಪೆನ್ಸ್ ತಮ್ಮ ನಾಯಕನಿಗೇ ಹೇಳಬೇಕಾಗಿ ಬಂತು. 2024ರಲ್ಲಿ ಟ್ರಂಪ್‌ಗೆ ಬೆಂಬಲ ಘೋಷಿಸಲು ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಅವರದೇ ಪಕ್ಷದಲ್ಲಿ ಅವರಿಗೆ ಜಾಗ ಉಳಿದಿರಲಿಲ್ಲ. ಕನ್ಸರ್ವೇಟಿವ್ ಅಂದರೆ ಸಂವಿಧಾನ ಕಾಯುವವನು ಎಂದು ನಂಬಿದ ನನಗೆ ಆ ದಿನ ಪೆನ್ಸ್ ಮಾಡಿದ ಕೆಲಸವೇ ದೊಡ್ಡದಾಗಿ ಕಾಣುತ್ತದೆ. 2016ರಲ್ಲಿ ಕುರ್ಚಿ ನೋಡಿ ಓಟು ಹಾಕಿದವರನ್ನು ನಾನು ಹಳಿಯುವುದಿಲ್ಲ. ಕುರ್ಚಿಯ ಮೇಲೆ ಕೂರುವವನ ಗುಣವೂ ಆ ಕುರ್ಚಿಯ ಭಾಗ ಎಂಬುದನ್ನು ಅವರು ಸ್ವಲ್ಪ ಕಡಿಮೆ ತೂಗಿದರು ಅನ್ನಿಸುತ್ತದೆ.

ಪ್ರಶ್ನೆ: ಕನ್ಸರ್ವೇಟಿವ್ ಎಂದರೆ ನಮ್ಮ ‘ಸಂಪ್ರದಾಯವಾದಿ’ಯೇ? ಪರೀಕ್ಷೆಯಲ್ಲಿ ಹಾಗೇ ಬರೆದಿದ್ದೇನೆ. — ಧಾರವಾಡದ ಎಂ.ಎ. ವಿದ್ಯಾರ್ಥಿ

ಉತ್ತರ: ಅರ್ಧ ಅಂಕ ಕೊಡುತ್ತೇನೆ. ಅಮೆರಿಕದವನು ಕಾಪಾಡಹೊರಟ ಸಂಪ್ರದಾಯದ ನಡುವೆ ಇರುವುದು 1787ರ ಸಂವಿಧಾನ, ಅಂದರೆ ಅಧಿಕಾರವನ್ನು ಕಟ್ಟಿಹಾಕುವ ಒಂದು ಬರವಣಿಗೆ. ನಮ್ಮಲ್ಲಿ ಇದಕ್ಕೆ ಹತ್ತಿರ ಬಂದವರು ರಾಜಾಜಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಎಂಬತ್ತರ ವಯಸ್ಸಿನಲ್ಲಿ, 1959ರಲ್ಲಿ, ಸಹಕಾರಿ ಬೇಸಾಯದ ಕಾಂಗ್ರೆಸ್ ನಿರ್ಣಯವನ್ನೂ ‘ಪರ್ಮಿಟ್-ಲೈಸೆನ್ಸ್ ರಾಜ್’ ಅನ್ನೂ ವಿರೋಧಿಸಿ ಸ್ವತಂತ್ರ ಪಕ್ಷ ಕಟ್ಟಿದರು. 1962ರಲ್ಲಿ ಲೋಕಸಭೆಯಲ್ಲಿ 18 ಸ್ಥಾನ, 1967ರಲ್ಲಿ 44, 1971ರಲ್ಲಿ ಎಂಟು. ಅಷ್ಟು ಬೇಗ ಯಾಕೆ ಕುಸಿಯಿತು? ಇಂದಿರಾ ಅಲೆ ಸರಿ. ಅದರ ಜೊತೆಗೆ ಅಭ್ಯರ್ಥಿಗಳ ವಿಷಯವೂ ಇದೆ. ಹಲವು ಕಡೆ ಪಕ್ಷ ಮಹಾರಾಜ, ಮಹಾರಾಣಿಯರ ಹೆಸರಿನ ಮೇಲೆ ನಿಂತಿತ್ತು. ಜೈಪುರದಲ್ಲಿ ಗಾಯತ್ರಿ ದೇವಿ 1962ರಲ್ಲಿ ಭಾರಿ ಅಂತರದಲ್ಲಿ ಗೆದ್ದರು, ಆದರೆ ಜನ ಓಟು ಹಾಕಿದ್ದು ರಾಣಿಗೆ, ರಾಜಾಜಿಯ ವಾದಕ್ಕಲ್ಲ. ಉತ್ತರದಲ್ಲಿ ಇಷ್ಟನ್ನು ಸೇರಿಸಿದರೆ ಪೂರ್ತಿ ಅಂಕ ಬರುತ್ತಿತ್ತು.

ಪ್ರಶ್ನೆ: ಮೊದಲ ಪ್ರಶ್ನೆ ಕೇಳಿದವರ ಹೆಂಡತಿ ನಾನು. ಸ್ಕೂಲ್ ಬೋರ್ಡಿಗೆ ನಿಂತವರಲ್ಲೂ ‘ಕನ್ಸರ್ವೇಟಿವ್’ ಎಂದು ಫಲಕ ಹಾಕಿಕೊಂಡವರಿದ್ದಾರೆ. ಮಗಳು ಏಳನೇ ಕ್ಲಾಸು. ಇದಕ್ಕೂ ಅದೇ ಅಳತೆಯೇ?

ಉತ್ತರ: ಅಳತೆ ಅದೇ, ಎಚ್ಚರ ಇನ್ನೂ ಹೆಚ್ಚು ಬೇಕು. ಸೆನೆಟರ್ ಹುದ್ದೆಗಿಂತ ಇದು ನಿಮ್ಮ ಮನೆಗೆ ಹತ್ತಿರ. ಒಂಬತ್ತು ಜನರ ಬೋರ್ಡು, ಸಂಬಳವಿಲ್ಲ, ಆದರೆ ನಿಮ್ಮ ಆಸ್ತಿ ತೆರಿಗೆಯ ದೊಡ್ಡ ಪಾಲು ಇವರ ಕೈಯಲ್ಲಿ. ಈ ಹುದ್ದೆಗೆ ಒಬ್ಬರೇ ಎರಡೂ ಪಕ್ಷದ ಪ್ರೈಮರಿಗೆ ಅರ್ಜಿ ಹಾಕಬಹುದು, ಹಾಗಾಗಿ ಪಕ್ಷದ ಹೆಸರು ನಿಮಗೆ ದಾರಿ ತೋರಿಸುವುದಿಲ್ಲ. ನಿಮ್ಮದೇ ರಾಜ್ಯದ ಡೋವರ್‌ನಲ್ಲಿ 2004ರಲ್ಲಿ ಬೋರ್ಡು, ಜೀವಶಾಸ್ತ್ರದ ತರಗತಿಯಲ್ಲಿ ವಿಕಾಸವಾದಕ್ಕೆ ಪರ್ಯಾಯವಾಗಿ, ಜೀವಿಗಳ ಹಿಂದೆ ಒಬ್ಬ ವಿನ್ಯಾಸಕಾರನಿದ್ದಾನೆ ಎನ್ನುವ ‘ಬುದ್ಧಿವಂತ ವಿನ್ಯಾಸ’ದ ಮಾತು ಓದಿಸಬೇಕೆಂದು ಹಟ ಹಿಡಿಯಿತು. ಪೋಷಕರು ಕೋರ್ಟಿಗೆ ಹೋದರು. 2005ರ ನವೆಂಬರಿನಲ್ಲಿ ಮತ್ತೆ ಚುನಾವಣೆಗೆ ನಿಂತ ಎಂಟೂ ಸದಸ್ಯರನ್ನು ಮತದಾರರು ಮನೆಗೆ ಕಳಿಸಿದರು. ಡಿಸೆಂಬರಿನಲ್ಲಿ ಬೋರ್ಡಿನ ವಿರುದ್ಧ ತೀರ್ಪು ಕೊಟ್ಟ ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ನೇಮಿಸಿದ್ದು ಅಧ್ಯಕ್ಷ ಬುಷ್. ವಕೀಲರ ಖರ್ಚು ಸುಮಾರು 10 ಲಕ್ಷ ಡಾಲರ್ ಬಿದ್ದದ್ದು ಆ ಊರಿನ ಶಾಲೆಗಳ ತಲೆಗೆ. ತೆರಿಗೆ ಹಣವನ್ನು ಹೀಗೆ ಸುರಿದವರನ್ನು ಕನ್ಸರ್ವೇಟಿವ್ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ, ಅವರ ಭಕ್ತಿ ಎಷ್ಟೇ ನಿಜವಾಗಿರಲಿ.

ಪ್ರೈಮರಿಗೆ ಮೊದಲು ಒಂದು ಸಂಜೆ ಬೋರ್ಡಿನ ಸಭೆಗೆ ಹೋಗಿ. ಸಾರ್ವಜನಿಕರಿಗೆ ಮಾತಾಡಲು ಕಾನೂನೇ ಅವಕಾಶ ಕೊಟ್ಟಿದೆ. ಅಭ್ಯರ್ಥಿಗಳು ಅಲ್ಲಿ ಇದ್ದಾರೆಯೇ ನೋಡಿ, ಇದ್ದರೆ ಈ ವರ್ಷದ ಬಜೆಟ್ಟಿನಲ್ಲಿ ಯಾವುದನ್ನು ಕಡಿಮೆ ಮಾಡುತ್ತೀರಿ, ಯಾವುದನ್ನು ಮುಟ್ಟುವುದಿಲ್ಲ ಎಂದು ಕೇಳಿ. ಮಗಳನ್ನೂ ಕರೆದುಕೊಂಡು ಹೋಗಿ, ಅವಳ ಶಾಲೆಯ ಮಾತು ತಾನೇ.