ಹಾಜರಾತಿ ಕಾರ್ಡಿಗೆ ದುಡ್ಡು ತುಂಬಿಸುವ ಮೊದಲು

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಹಾಜರಾತಿಗೆ ಟ್ಯಾಪ್ ಮಾಡುವ ಐಡಿ ಕಾರ್ಡ್ ಈಗಾಗಲೇ ಇದೆ. ಅದಕ್ಕೇ ದುಡ್ಡು ತುಂಬಿಸಿ ಕ್ಯಾಂಟೀನ್, ಜೆರಾಕ್ಸ್, ಲೈಬ್ರರಿ ದಂಡ ಎಲ್ಲಕ್ಕೂ ಬಳಸೋಣ ಅಂತ ಆಡಳಿತದವರು ಹೇಳುತ್ತಿದ್ದಾರೆ. ಹೊಸ ಕಾರ್ಡ್ ಬೇಕಿಲ್ಲ, ಖರ್ಚು ಉಳಿಯುತ್ತದೆ ಅಂತ ಸಿಸ್ಟಮ್ ಮಾರುವವರೂ ಭರವಸೆ ಕೊಟ್ಟಿದ್ದಾರೆ. ಮುಂದುವರಿಯಬಹುದಾ?

ಬೇಡ. ನಿಮ್ಮ ಕೈಲಿರುವುದು ಯಾವ ಕಾರ್ಡ್ ಅಂತ ಗೊತ್ತಾಗುವವರೆಗೆ ಸಹಿ ಹಾಕಬೇಡಿ. ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಹೆಚ್ಚಿನವರು ಕೇಳುವುದು ಒಪ್ಪಂದ ಮುಗಿದ ಮೇಲೆ. ನೀವು ಮೊದಲೇ ಕೇಳಿದ್ದೀರಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಾಜರಾತಿ ಯಂತ್ರ ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ, ಕಾರ್ಡಿನ ಸೀರಿಯಲ್ ನಂಬರ್ ಓದುವುದು. ಈ ನಂಬರನ್ನು ಕಾರ್ಡ್ ಯಾವ ರೀಡರ್ ಕೇಳಿದರೂ ಹೇಳಿಬಿಡುತ್ತದೆ. ಕೇಳುತ್ತಿರುವವರು ಯಾರು ಅಂತ ವಿಚಾರಿಸುವುದೇ ಇಲ್ಲ. ಅದು ಕಾರ್ಡಿನ ಹೆಸರು, ಪಾಸ್‌ವರ್ಡ್ ಅಲ್ಲ. ಬರೀ ಹೆಸರು ಹೇಳಿದವನಿಗೆ ಯಾವ ಬ್ಯಾಂಕೂ ದುಡ್ಡು ಕೊಡುವುದಿಲ್ಲ, ಅಲ್ವಾ? ಸೀರಿಯಲ್ ನಂಬರನ್ನು ಬೇಕಾದ ಹಾಗೆ ಬರೆಯಬಹುದಾದ ಖಾಲಿ ಕಾರ್ಡ್‌ಗಳು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಪಕ್ಕದಲ್ಲಿ ಕೂತವನ ಐಡಿ ಕಾರ್ಡಿಗೆ ಒಂದು ಸೆಕೆಂಡ್ ಫೋನ್ ತಾಗಿಸಿದರೆ ನಂಬರ್ ಸಿಕ್ಕಿತು. ಆಮೇಲೆ ಊಟ ಇವನದು, ಬಿಲ್ಲು ಅವನದು.

ನಿಮ್ಮದು 125 ಕಿಲೋಹರ್ಟ್ಸ್ ರೇಡಿಯೊ ತರಂಗದಲ್ಲಿ ರೀಡರ್ ಜೊತೆ ಮಾತಾಡುವ ಹಳೇ ಕಾರ್ಡ್ ಆಗಿದ್ದರೆ ಚರ್ಚೆಯೇ ಬೇಡ. ಅವುಗಳಲ್ಲಿ ಸಾಮಾನ್ಯವಾಗಿ ಬರೀ ನಂಬರ್ ಇರುತ್ತದೆ, ಅಷ್ಟೆ. 13.56 ಮೆಗಾಹರ್ಟ್ಸ್‌ನದಾದರೆ ಅದು ಮೈಫೇರ್ ಕ್ಲಾಸಿಕ್ ಆಗಿರುವ ಸಾಧ್ಯತೆ ಜಾಸ್ತಿ. 1994ರಲ್ಲಿ ಬಂದ ಚಿಪ್ ಅದು. ಅದರ ಕೀಲಿ, ಅಂದರೆ ಒಳಗಿನ ಗುಪ್ತ ಸಂಖ್ಯೆ, ಬರೀ 48 ಬಿಟ್. ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಬೇರೆಯವರು ಓದಲಾಗದ ಸಂಕೇತವಾಗಿಸುವ, ಕ್ರಿಪ್ಟೊ-1 ಅನ್ನುವ ಸೂತ್ರವನ್ನು ಕಂಪನಿ ಗುಟ್ಟಾಗಿಟ್ಟಿತ್ತು. 2007ರ ಡಿಸೆಂಬರಿನಲ್ಲಿ ಸಂಶೋಧಕರು ಚಿಪ್ಪನ್ನೇ ಬಿಡಿಸಿ ನೋಡಿ ಆ ಗುಟ್ಟಿನ ಒಳಗುಟ್ಟನ್ನು ಬಹಿರಂಗ ಮಾಡಿದರು. 2008ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಅದನ್ನು ಪೂರ್ತಿ ಮುರಿದರು. ಅದನ್ನು ಪ್ರಕಟಿಸಬಾರದು ಅಂತ ಚಿಪ್ ತಯಾರಿಸುವ ಕಂಪನಿ ಎನ್‌ಎಕ್ಸ್‌ಪಿ ಕೋರ್ಟಿಗೆ ಹೋಯಿತು, ಕೋರ್ಟ್ ಒಪ್ಪಲಿಲ್ಲ. ಇಷ್ಟಾದರೂ ಅದೇ ಕಾರ್ಡನ್ನು ಇವತ್ತಿಗೂ 'ಸ್ಮಾರ್ಟ್ ಕಾರ್ಡ್' ಅಂತ ಕಾಲೇಜುಗಳಿಗೆ ಮಾರುವವರಿದ್ದಾರೆ. ಇದು ನನಗೆ ಸಿಟ್ಟು ತರಿಸುತ್ತದೆ. ಎಷ್ಟೋ ಕಡೆ ಕಾರ್ಖಾನೆಯಿಂದ ಬಂದ ಕೀಲಿಯನ್ನು, ಅಂದರೆ ಹನ್ನೆರಡು 'ಎಫ್' ಅಕ್ಷರಗಳನ್ನು, ಬದಲಿಸುವ ಗೋಜಿಗೂ ಹೋಗಿರುವುದಿಲ್ಲ.

"ಬ್ಯಾಲೆನ್ಸನ್ನು ಎನ್‌ಕ್ರಿಪ್ಟ್ ಮಾಡಿ ಕಾರ್ಡಿನಲ್ಲಿ ಇಟ್ಟಿದ್ದೇವೆ, ಯಾರೂ ತಿದ್ದಲಾರರು" ಅಂತ ಮಾರುವವರು ಹೇಳುತ್ತಾರೆ. ಈ ಮಾತನ್ನು ನಂಬಬೇಡಿ. ತಿದ್ದುವ ಅಗತ್ಯವೇ ಇಲ್ಲ. ವಿದ್ಯಾರ್ಥಿ ಸೋಮವಾರ ಕಾರ್ಡಿಗೆ ದುಡ್ಡು ತುಂಬಿಸುತ್ತಾನೆ. ರೂಮಿಗೆ ಹೋಗಿ ಕಾರ್ಡಿನಲ್ಲಿರುವುದನ್ನೆಲ್ಲ ಒಂದು ಫೈಲಿಗೆ ನಕಲು ಮಾಡುತ್ತಾನೆ. ಇಡೀ ಕಾರ್ಡ್ ಸೇರಿ ಒಂದು ಕಿಲೋಬೈಟ್ ಅಷ್ಟೆ. ಶುಕ್ರವಾರದ ಹೊತ್ತಿಗೆ ದುಡ್ಡು ಖಾಲಿ. ಅದೇ ಫೈಲನ್ನು ಕಾರ್ಡಿಗೆ ವಾಪಸ್ ಬರೆಯುತ್ತಾನೆ. ಈಗ ಅದು ಮತ್ತೆ ಸೋಮವಾರದ ಕಾರ್ಡ್. ಬ್ಯಾಲೆನ್ಸ್ ಯಾವ ಬ್ಲಾಕ್‌ನಲ್ಲಿದೆ, ಎಷ್ಟು ಬಿಗಿಯಾಗಿ ಎನ್‌ಕ್ರಿಪ್ಟ್ ಆಗಿದೆ ಅನ್ನುವುದು ಅವನಿಗೆ ಗೊತ್ತಿರಬೇಕಾಗಿಯೇ ಇಲ್ಲ.

ಹಾಗಾದರೆ ಏನು ಮಾಡಬೇಕು? ದುಡ್ಡಿನ ಲೆಕ್ಕ ಸರ್ವರ್‌ನಲ್ಲಿರಲಿ. ಕಾರ್ಡ್ ಮಾಡಬೇಕಾದ್ದು, ತಾನು ಅಸಲಿ ಅಂತ ಸಾಬೀತು ಮಾಡುವ ಕೆಲಸ. ಡೆಸ್‌ಫೈರ್ ಇವಿ2 ಅಥವಾ ಇವಿ3ಯಂಥ, ಎಇಎಸ್ ಅನ್ನುವ ಎನ್‌ಕ್ರಿಪ್ಷನ್ ಸೂತ್ರದ 128 ಬಿಟ್ ಕೀಲಿಯ ಕಾರ್ಡ್ ಕೇಳಿ. ಇಲ್ಲಿ ರೀಡರ್ ಪ್ರತಿ ಸಲ ಹೊಸ ಸಂಖ್ಯೆಯೊಂದನ್ನು ಒಡ್ಡುತ್ತದೆ, ಕಾರ್ಡ್ ತನ್ನೊಳಗಿನ ಕೀಲಿ ಬಳಸಿ ಉತ್ತರಿಸುತ್ತದೆ, ಕೀಲಿ ಮಾತ್ರ ಹೊರಗೆ ಬರುವುದೇ ಇಲ್ಲ. ಒಳ್ಳೆಯ ಕಾರ್ಡ್ ಕೊಂಡು, ಬರೀ ಸೀರಿಯಲ್ ನಂಬರ್ ಓದುವ ರೀಡರ್ ಇಟ್ಟರೆ ಕೊಂಡದ್ದು ದಂಡ. ರೀಡರ್ ಕೀಲಿಯನ್ನೇ ಪರೀಕ್ಷಿಸುತ್ತದೆ ಅನ್ನುವುದನ್ನು ಮಾರುವವರ ಬಾಯಿಂದಲ್ಲ, ಬರಹದಲ್ಲಿ ಪಡೆಯಿರಿ.

ಎಲ್ಲ ಕಾರ್ಡಿಗೂ ಒಂದೇ ಕೀಲಿ ಇರಬಾರದು, ಒಂದೊಂದಕ್ಕೂ ಬೇರೆ ಬೇರೆ ಇರಬೇಕು. ಅವೆಲ್ಲ ಹುಟ್ಟುವ ಮಾಸ್ಟರ್ ಕೀಲಿ ಯಾರ ಕೈಲಿರುತ್ತದೆ ಅಂತಲೂ ಕೇಳಿ. ಅದು ಕಾಲೇಜಿನ ಸ್ವತ್ತು ಅಂತ ಒಪ್ಪಂದದಲ್ಲಿ ಬರೆಸಿ. ಇಲ್ಲವಾದರೆ ಕಂಪನಿ ಬದಲಿಸಿದ ದಿನ ಎಲ್ಲ ಕಾರ್ಡನ್ನೂ ಬಿಸಾಡಬೇಕಾಗುತ್ತದೆ. ನೆಟ್‌ವರ್ಕ್ ಹೋದಾಗ ಕೌಂಟರ್ ಪೂರ್ತಿ ನಿಲ್ಲಬೇಕಿಲ್ಲ. ಸಣ್ಣ ಮಿತಿ ಇಟ್ಟು ನಡೆಸಿ, ಆದರೆ ಆಗ ಕಾರ್ಡಿಗೆ ದುಡ್ಡು ತುಂಬಿಸಲು ಅವಕಾಶ ಕೊಡಬೇಡಿ. ಕಳೆದುಹೋದ ಕಾರ್ಡ್‌ಗಳ ಪಟ್ಟಿ ಪ್ರತಿ ಯಂತ್ರದೊಳಗೂ ಇರಬೇಕು.

ನಿಮ್ಮದು ಸಣ್ಣ ಕಾಲೇಜಾದರೆ ನನ್ನ ಸಲಹೆ ಇನ್ನೂ ನೇರ. ವಿದ್ಯಾರ್ಥಿಗಳ ದುಡ್ಡನ್ನು ನೀವು ಇಟ್ಟುಕೊಳ್ಳಲೇಬೇಡಿ. ಕೌಂಟರಿನಲ್ಲಿ ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ಸ್ವೀಕರಿಸಿ. ಅದರ ಚಿಪ್ ಪ್ರತಿ ಪಾವತಿಗೂ ಹೊಸ ಸಂಕೇತ ಹುಟ್ಟಿಸುತ್ತದೆ, ಹಳೆಯದನ್ನು ಕದ್ದು ಇನ್ನೊಮ್ಮೆ ಬಳಸಲು ಆಗುವುದಿಲ್ಲ. ಮರುಪಾವತಿ, ಉಳಿಕೆ ಬ್ಯಾಲೆನ್ಸ್, ಕೋರ್ಸ್ ಮುಗಿಸಿ ಹೋದವರ ಲೆಕ್ಕ, ಈ ತಲೆನೋವೆಲ್ಲ ನಿಮಗೆ ಯಾಕೆ? ಕಾರ್ಡಿಲ್ಲದ ವಿದ್ಯಾರ್ಥಿಗೆ ನಗದಿನ ಕೌಂಟರ್ ಒಂದು ತೆರೆದಿರಲಿ. ಕಾರ್ಡಿಲ್ಲ ಅಂತ ಯಾರೂ ಹಸಿದುಕೊಂಡು ಇರಬಾರದು.

ಪ್ರಶ್ನೆ: ನಮ್ಮ ಕಾರ್ಡ್ ಯಾವುದು ಅಂತ ತಿಳಿಯುವುದು ಹೇಗೆ?

ಎನ್‌ಎಫ್‌ಸಿ (ಕಾರ್ಡ್ ತಾಗಿಸಿ ಓದುವ ಸೌಲಭ್ಯ) ಇರುವ ಫೋನಿಗೆ ಎನ್‌ಎಕ್ಸ್‌ಪಿಯ ಟ್ಯಾಗ್‌ಇನ್ಫೊ ಆ್ಯಪ್ ಹಾಕಿ, ಕಾರ್ಡ್ ತಾಗಿಸಿ. ಚಿಪ್ಪಿನ ಹೆಸರು ತೋರಿಸುತ್ತದೆ. ಫೋನ್ ಏನೂ ಅನ್ನದಿದ್ದರೆ ಬಹುಶಃ 125 ಕಿಲೋಹರ್ಟ್ಸ್‌ನದು.

ಪ್ರಶ್ನೆ: ಫೋನಿನ ಅಯಸ್ಕಾಂತದ ಕವರ್‌ನಿಂದ ಬ್ಯಾಲೆನ್ಸ್ ಅಳಿಸಿಹೋಗುತ್ತದಾ?

ಇಲ್ಲ. ಕೆಡುವುದು ಕಪ್ಪು ಪಟ್ಟಿಯ ಕಾರ್ಡ್, ಚಿಪ್ ಅಲ್ಲ.

ಪ್ರಶ್ನೆ: ಕೊರಳ ಪಟ್ಟಿಗಾಗಿ ಕಾರ್ಡಿಗೆ ತೂತು ಹೊಡೆದ ಮೇಲೆ ಕೆಲಸ ಮಾಡುತ್ತಿಲ್ಲ.

ಮಾಡುವುದೂ ಇಲ್ಲ. ಕಾರ್ಡಿಗೆ ಬ್ಯಾಟರಿ ಇಲ್ಲ. ಅಂಚಿನ ಸುತ್ತ ಹಲವು ಸುತ್ತು ಬರುವ ತೆಳು ತಂತಿಯೇ ರೀಡರ್‌ನಿಂದ ಕರೆಂಟ್ ಎಳೆದುಕೊಳ್ಳುತ್ತದೆ. ಬಿಳಿ ಕಾರ್ಡಿನ ಹಿಂದೆ ಟಾರ್ಚ್ ಹಿಡಿದರೆ ಎಷ್ಟೋ ಸಲ ಆ ತಂತಿ ಕಾಣುತ್ತದೆ. ನೀವು ಅದನ್ನೇ ಕತ್ತರಿಸಿದ್ದೀರಿ. ಹೊಸ ಕಾರ್ಡ್ ಪಡೆದು ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿ ಹಾಕಿ.

ಪ್ರಶ್ನೆ: ಮಗ ಕ್ಯಾಂಟೀನಿನಲ್ಲಿ ಏನು ತಿಂದ ಅಂತ ಪೋಷಕರಿಗೆ ಮೆಸೇಜ್ ಹೋಗುವ ಹಾಗೆ ಮಾಡಬಹುದಾ?

ಮಾಡಬಹುದು, ಮಾಡಬೇಡಿ. ಕಾಲೇಜಿಗೆ ಬರುವವರು ದೊಡ್ಡವರು.

ಪ್ರಶ್ನೆ: ಐಡಿ ಕಾರ್ಡನ್ನು ಫೋನಿಗೆ ಕಾಪಿ ಮಾಡಿಕೊಡುವ ಆ್ಯಪ್ ಇದೆಯಂತೆ. ನಂಬಬಹುದಾ?

ಸುಮ್ನೆ ಡಿಲೀಟ್ ಮಾಡಿ. ಮಾಮೂಲಿ ಆಂಡ್ರಾಯ್ಡ್ ಫೋನ್ ಕಾರ್ಡಿನಂತೆ ನಟಿಸುವಾಗ ಸಾಮಾನ್ಯವಾಗಿ ಪ್ರತಿ ಸಲ ಬೇರೆ ಸೀರಿಯಲ್ ನಂಬರ್ ಕೊಡುತ್ತದೆ, ನಿಮ್ಮ ಕಾರ್ಡಿನದನ್ನಲ್ಲ. ಅಂಥ ಆ್ಯಪ್‌ಗೆ ದುಡ್ಡು ಕೊಟ್ಟಿದ್ದರೆ ವಾಪಸ್ ಕೇಳಿ.