ಕಛೇರಿ ವಿಮರ್ಶೆ ಕಳಿಸಿದವರಿಗೆ

ನಮಸ್ಕಾರ.

ರಾಮನವಮಿಯ ಸಂಗೀತ ಕಛೇರಿಯ ಬಗ್ಗೆ ನೀವು ಕಳಿಸಿದ ವಿಮರ್ಶೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವುದಕ್ಕೂ ಮನಸ್ಸು ಬರಲಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನೀವು ಬರೆದಿರುವುದು ಹಾಡಿದ್ದರ ಪಟ್ಟಿ. ಭೈರವಿ ರಾಗದ ವರ್ಣ (ಕಛೇರಿ ಶುರು ಮಾಡುವ ರಚನೆ) "ಸೊಗಸಾಗಿತ್ತು", ಹಂಸಧ್ವನಿ "ರಂಜಿಸಿತು", ಪಂತುವರಾಳಿ "ಮನಸೂರೆಗೊಂಡಿತು", ಆಮೇಲೆ "ಒಂದು ಚಿಕ್ಕ ಕೃತಿ", ಕಲ್ಯಾಣಿ "ಮಂತ್ರಮುಗ್ಧಗೊಳಿಸಿತು". ಈ ಮಾತುಗಳನ್ನು ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ? ಯಾವುದಾದ ಮೇಲೆ ಯಾವುದು ಹಾಡಬೇಕು ಅಂತ ಆ ಗಾಯಕಿ ಎಷ್ಟು ಯೋಚಿಸಿದ್ದಾರೆ ಅನ್ನುವುದು ನಿಮ್ಮ ಪಟ್ಟಿಯಲ್ಲೇ ಕಾಣುತ್ತದೆ, ಬರಹದಲ್ಲಿ ಕಾಣುವುದಿಲ್ಲ.

ಆ "ಚಿಕ್ಕ ಕೃತಿ"ಯನ್ನೇ ತೆಗೆದುಕೊಳ್ಳಿ. ಅದು ಕಪಿನಾರಾಯಣಿಯ 'ಸರಸ ಸಾಮದಾನ' ಅಂತ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಪಂತುವರಾಳಿ, ಕಲ್ಯಾಣಿ ಎರಡೂ ಪ್ರತಿಮಧ್ಯಮದ, ಅಂದರೆ 'ಮ' ಸ್ವರ ಮೇಲಿನ ಸ್ಥಾನದಲ್ಲಿರುವ ರಾಗಗಳು. ಒಂದರ ಬೆನ್ನಿಗೇ ಇನ್ನೊಂದು ಬಂದರೆ ಹಿಂದಿನ ರಾಗದ ಗುಂಗು ಕಿವಿಯಲ್ಲೇ ಇರುತ್ತದೆ, ಕಲ್ಯಾಣಿಯ ಮಧ್ಯಮ ಹೊಸದಾಗಿ ಕೇಳಿಸುವುದಿಲ್ಲ. ನಡುವೆ ಕಪಿನಾರಾಯಣಿಯಂಥ ಶುದ್ಧಮಧ್ಯಮದ (ಕೆಳಗಿನ 'ಮ' ಇರುವ) ರಾಗವೊಂದನ್ನು ಚುರುಕಾಗಿ ಹಾಡಿ ಮುಗಿಸಿದರೆ ಕಿವಿ ತೊಳೆದ ಹಾಗಾಗುತ್ತದೆ. ಆಮೇಲೆ ಬಂದ ಕಲ್ಯಾಣಿ ನಿಮಗೆ ಅಷ್ಟು ಇಷ್ಟವಾಗಿದ್ದರಲ್ಲಿ ಆ ಚಿಕ್ಕ ಕೃತಿಯ ಪಾಲೂ ಇದೆ. ಅದಕ್ಕೆ ನೀವು ಮೂರೇ ಪದ ಕೊಟ್ಟಿದ್ದೀರಿ.

ಶುರುವಿನ ವರ್ಣವೂ ಹಾಗೇ. 'ವಿರಿಬೋಣಿ' ಅಟತಾಳದ್ದು, ತಾಳದ ಒಂದು ಸುತ್ತಿಗೆ 14 ಅಕ್ಷರ (ಎಣಿಕೆ). ಆದಿತಾಳದ ಹಗುರ ವರ್ಣ ಬಿಟ್ಟು ಇದನ್ನೇ ಎತ್ತಿಕೊಂಡರು ಅಂದರೆ ಅವತ್ತು ನಿಧಾನಕ್ಕೆ, ಭಾರವಾಗಿ ಹಾಡುವ ಮನಸ್ಸಿತ್ತು ಅಂತ ನನಗನ್ನಿಸುತ್ತದೆ. ನೀವು ಅಲ್ಲೇ ಇದ್ದಿರಿ, ನಿಮಗೇನನ್ನಿಸಿತು?

ತಪ್ಪು ಕಂಡರೆ ಅದನ್ನೂ ಬರೆಯಿರಿ. ಕಲ್ಯಾಣಿಯನ್ನು ವಿಸ್ತಾರವಾಗಿ ಹಾಡಿ, ತನಿ ಆವರ್ತನ (ತಾಳವಾದ್ಯಗಳಷ್ಟೇ ನುಡಿಸುವ ಭಾಗ) ಮುಗಿದ ಕೂಡಲೇ ಯಮುನಾ ಕಲ್ಯಾಣಿಯಲ್ಲಿ 'ಕೃಷ್ಣಾ ನೀ ಬೇಗನೆ ಬಾರೋ' ಹಾಡಿದರು, ನೀವು "ಅದ್ಭುತ" ಅಂದಿರಿ. ವ್ಯಾಸರಾಯರ ಆ ಹಾಡು ನನಗೂ ಪ್ರಾಣ. ಆದರೆ ಅಷ್ಟು ಹೊತ್ತು ಕಲ್ಯಾಣಿ ಕೇಳಿದ ಮೇಲೆ ಅದೇ ನೆರಳಿನ ರಾಗ ಬೇಡವಿತ್ತು. ಕಾಪಿಯೋ ಸಿಂಧುಭೈರವಿಯೋ ಬಂದಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನೊಂದು ಮಾತು. "ಪುರಾತನ ಕಾಲದಿಂದ ಬಂದ ಕಛೇರಿ ಪದ್ಧತಿ" ಅಂತ ಬರೆದಿದ್ದೀರಿ. ತೆಗೆದುಬಿಡಿ. ವರ್ಣ, ಹಲವು ಕೃತಿಗಳು, ಕೊನೆಗೆ ತುಕ್ಕಡಾ (ಹಗುರವಾದ ಚಿಕ್ಕ ಹಾಡುಗಳು) ಅನ್ನುವ ಈಗಿನ ಕ್ರಮವನ್ನು ಗಟ್ಟಿ ಮಾಡಿದವರು ಗಾಯಕ ಅರಿಯಾಕುಡಿ ರಾಮಾನುಜ ಅಯ್ಯಂಗಾರ್ (1890–1967). ಅದಕ್ಕೆ ಸುಮಾರು ನೂರು ವರ್ಷ ಅಷ್ಟೇ. ಅದಕ್ಕೂ ಮುಂಚೆ ಕಛೇರಿಯ ಬಹುಪಾಲು ಹೊತ್ತು ರಾಗ, ತಾನ, ಪಲ್ಲವಿಗೇ, ಅಂದರೆ ಒಂದೇ ರಾಗವನ್ನು ವಿಸ್ತರಿಸಿ ಒಂದೇ ಸಾಲನ್ನು ಬೆಳೆಸುವುದಕ್ಕೇ ಹೋಗುತ್ತಿತ್ತು.

ಈಗ ನಿಮ್ಮ ಬರಹದಲ್ಲಿ ನನಗೆ ತುಂಬ ಇಷ್ಟವಾದದ್ದು. ಕೊನೆಯ ಪ್ಯಾರಾದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದು ವಾಕ್ಯ ಇದೆ: ಶುರುವಿನಿಂದ ತೊಡೆ ಮೇಲೆ ತಾಳ ಹಾಕುತ್ತಿದ್ದ ಪಕ್ಕದ ಅಜ್ಜಿ, ಕಲ್ಯಾಣಿಯ ನೆರವಲ್ (ಕೃತಿಯ ಒಂದು ಸಾಲನ್ನೇ ಬಗೆಬಗೆಯಾಗಿ ಹಾಡುವುದು) ಬಂದಾಗ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂತುಬಿಟ್ಟರು. ಓದುತ್ತಿದ್ದ ಹಾಗೇ ನಾನೂ ಆ ಪೆಂಡಾಲಿನಲ್ಲಿ ಕೂತ ಹಾಗಾಯಿತು. ಅಲ್ಲಿಂದಲೇ ಶುರು ಮಾಡಿ. ಐನೂರು ಪದ ಸಾಕು, ಬರುವ ವಾರದೊಳಗೆ ಕಳಿಸಿ. ಅಜ್ಜಿಯ ಕೈ ನಿಂತದ್ದು ಯಾವ ಸಾಲಿನ ನೆರವಲ್‌ಗೆ ಅಂತ ನೀವು ಬರೆದಿಲ್ಲ, ನೆನಪಿದ್ದರೆ ಅದನ್ನು ತಪ್ಪದೆ ಸೇರಿಸಿ.